ಬ್ರೇಕು ಹಿಡಿದ ಕೈ

ಮೇಸ್ತ್ರಿ ಶಾಲೆ ಕಂಡದ್ದು ನಾಲ್ಕೇ ವರ್ಷ. ಐದನೆಯ ವರ್ಷ ಶುರುವಾಗುವ ಹೊತ್ತಿಗೆ ಅಪ್ಪ ಅವನನ್ನು ಸೈಕಲ್ ಅಂಗಡಿಯ ಮೂಲೆಯಲ್ಲಿ, ನೀರು ತುಂಬಿದ ಬಾಣಲೆಯ ಮುಂದೆ ಕೂರಿಸಿ, ಟ್ಯೂಬು ಮುಳುಗಿಸಿ ಗುಳ್ಳೆ ಎಲ್ಲಿಂದ ಏಳುತ್ತದೆ ನೋಡು ಅಂದಿದ್ದ. ಆ ಬಾಣಲೆಯ ಮುಂದಿನಿಂದ ಎದ್ದದ್ದು ಯಾವಾಗ ಎಂದು ಯಾರಾದರೂ ಕೇಳಿದರೆ, ಇನ್ನೂ ಎದ್ದಿಲ್ಲ ಎನ್ನುತ್ತಿದ್ದ. ಈಗ ಅವನಿಗೆ ಅರವತ್ತಾರು.

ಅಪ್ಪ ಕಲಿಸಿದ್ದರಲ್ಲಿ ಒಂದನ್ನು ಅವನು ವ್ರತದ ಹಾಗೆ ನಡೆಸಿಕೊಂಡು ಬಂದಿದ್ದ. ಕೆಲಸ ಯಾವುದೇ ಇರಲಿ, ಚೈನಿಗೆ ಎಣ್ಣೆ ಬಿಟ್ಟದ್ದಾಗಲಿ ಸೀಟು ಎತ್ತರಿಸಿದ್ದಾಗಲಿ, ಸೈಕಲ್ಲನ್ನು ಅದರ ಯಜಮಾನನ ಕೈಗೆ ಒಪ್ಪಿಸುವ ಮೊದಲು ಎರಡೂ ಬ್ರೇಕು ಗಟ್ಟಿಯಾಗಿ ಹಿಡಿದು ಒಮ್ಮೆ ಮುಂದಕ್ಕೆ ನೂಕಿ ನೋಡಬೇಕು. ಅಂಗಡಿಯಲ್ಲಿ ಅದಕ್ಕೆ ಕೊನೆಯ ಹಿಡಿತ ಎಂದೇ ಹೆಸರು. ನೀನು ಮರೆತರೂ ರಸ್ತೆ ಮರೆಯುವುದಿಲ್ಲ ಕಣೋ ಎಂದು ಅಪ್ಪ ಹೇಳುತ್ತಿದ್ದ. ಐವತ್ತು ಚಿಲ್ಲರೆ ವರ್ಷಗಳಲ್ಲಿ ಎಷ್ಟು ಸಾವಿರ ಸೈಕಲ್ಲು ಅವನ ಕೈ ದಾಟಿದ್ದವೋ, ಅಷ್ಟಕ್ಕೂ ಆ ಹಿಡಿತ ಸಿಕ್ಕಿತ್ತು. ಒಂದಕ್ಕೆ ಸಿಗಲಿಲ್ಲ.

ಅದು ಆದದ್ದು ಹೀಗೆ. ಊರಿನ ಸೈಕಲ್ ಕೂಟದವರು ವರ್ಷಕ್ಕೊಮ್ಮೆ ದೂರದ ಸವಾರಿ ಹೊರಡುತ್ತಿದ್ದರು. ಆ ವರ್ಷ ಸಮುದ್ರದ ದಡದವರೆಗೆ, ಏಳು ದಿನ, ಹತ್ತಿರ ಹತ್ತಿರ ಆರುನೂರು ಕಿಲೋಮೀಟರ್. ಸವಾರರು ಹನ್ನೊಂದು ಮಂದಿ, ಅವರಲ್ಲಿ ಒಬ್ಬರು ಹಲ್ಲಿನ ಡಾಕ್ಟರು, ಒಬ್ಬರು ಊರಿನ ಬೇಕರಿಯ ಯಜಮಾನರು. ಹಿಂದೆ ಒಂದು ವ್ಯಾನು. ಅದರಲ್ಲಿ ಎಲ್ಲರ ಚೀಲ, ನೀರಿನ ಕ್ಯಾನು, ಬಾಳೆಗೊನೆ, ಔಷಧಿ ಡಬ್ಬ, ಮೇಸ್ತ್ರಿಯ ಕಬ್ಬಿಣದ ಪೆಟ್ಟಿಗೆ, ಮತ್ತು ಮೇಸ್ತ್ರಿ. ವ್ಯಾನು ಓಡಿಸುವವನು ಅವನ ಭಾಮೈದ, ಹೆಂಡತಿಯ ತಮ್ಮ. ಬಾಯಿ ತೆರೆದರೆ ಮುಚ್ಚುವುದು ಮರೆಯುವ ಆಸಾಮಿ. ಅಕ್ಕನನ್ನು ಕೊಟ್ಟು ಜೀವಮಾನದ ಪಂಕ್ಚರ್ ಬಿಟ್ಟಿಯಾಗಿ ಹಾಕಿಸಿಕೊಂಡ ಜಾಣ ಮನೆತನ ನಮ್ಮದು ಎಂದು ಸಿಕ್ಕಸಿಕ್ಕವರ ಮುಂದೆ ಹೇಳಿಕೊಳ್ಳುತ್ತಿದ್ದ. ವ್ಯಾನಿನ ಬಗ್ಗೆ ಕೇಳಿದರೆ, ಇದರ ಗುಂಡಿಗೆ ಗಟ್ಟಿ, ಕೆಮ್ಮು ಮಾತ್ರ ಸ್ವಲ್ಪ ಜಾಸ್ತಿ ಎನ್ನುತ್ತಿದ್ದ.

ಕೂಟಕ್ಕೆ ಮುಖ್ಯಸ್ಥ ಬ್ಯಾಂಕಿನಿಂದ ನಿವೃತ್ತನಾದ ಒಬ್ಬ ಉದ್ದನೆಯ ಮನುಷ್ಯ. ಎಲ್ಲರೂ ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. ಅವನು ಹಾಕಿಕೊಟ್ಟ ಒಂದು ಕಟ್ಟಳೆ ಇತ್ತು. ಸಂಜೆ ತಂಗುವ ಜಾಗ ಸೇರಿ, ಸ್ನಾನ ಮುಗಿಸಿ, ಊಟಕ್ಕೆ ಮೊದಲು ಎಲ್ಲರೂ ಸುತ್ತ ಕೂರಬೇಕು. ಒಬ್ಬೊಬ್ಬರೂ ಅಂದು ತಾವು ಮಾಡಿದ ಒಂದು ತಪ್ಪು ಹೇಳಬೇಕು. ಕೇಳಿದವರು ನಗಬಹುದು, ಆದರೆ ಬುದ್ಧಿ ಹೇಳಕೂಡದು, ಸಮಾಧಾನವನ್ನೂ ಹೇಳಕೂಡದು. ತಪ್ಪಿನ ಸುತ್ತು ಎಂದು ಅದನ್ನು ಕರೆಯುತ್ತಿದ್ದರು. ಹಲ್ಲಿನ ಡಾಕ್ಟರು ಮೊದಲನೆಯ ದಿನವೇ, ಬೇಕರಿಯವರ ನೀರಿನ ಬಾಟಲಿ ನನ್ನದೆಂದುಕೊಂಡು ಕುಡಿದೆ, ಅವರದೆಂದು ಗೊತ್ತಾದ ಮೇಲೂ ಕುಡಿದೆ ಎಂದು ಒಪ್ಪಿಕೊಂಡು ಎಲ್ಲರನ್ನೂ ನಗಿಸಿದರು. ವ್ಯಾನಿನವರಿಗೆ ಸರದಿ ಇರಲಿಲ್ಲ. ಅವರು ಸವಾರರಲ್ಲವಲ್ಲ. ಮೇಸ್ತ್ರಿ ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ. ಓದಿದವರು ಹೀಗೆ ತಮ್ಮ ತಪ್ಪು ತಾವೇ ಬಿಚ್ಚಿ ಹರಡುವುದು ಅವನಿಗೆ ಸೋಜಿಗವೂ ಆಗಿತ್ತು, ಒಳಗೊಳಗೆ ಇಷ್ಟವೂ ಆಗಿತ್ತು.

ಸವಾರರಲ್ಲಿ ಒಬ್ಬರು ಲೆಕ್ಕದ ಟೀಚರು. ಐವತ್ತಕ್ಕೆ ಎರಡು ಕಡಿಮೆ ವಯಸ್ಸು. ಸೈಕಲ್ ಕಲಿತದ್ದೇ ನಲವತ್ತಾರರಲ್ಲಿ. ಆ ಸೈಕಲ್ಲು ಮೇಸ್ತ್ರಿಯ ಅಂಗಡಿಯದು, ಕಲಿಯುವಾಗ ಸೀಟಿನ ಹಿಂಭಾಗ ಹಿಡಿದು ಶಾಲೆಯ ಅಂಗಳದಲ್ಲಿ ಓಡಿದವನೂ ಮೇಸ್ತ್ರಿಯೇ. ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ ಎಂದು ಸಹೋದ್ಯೋಗಿಗಳು ಅಂದರು. ಬಿದ್ದು ಕೈಕಾಲು ಮುರ್ಕೊಂಡು ಬರ್ತೀಯಾ ನೋಡು ಎಂದು ಅತ್ತೆ ಅಂದರು. ಟೀಚರು ಯಾರಿಗೂ ಎದುರಾಡಲಿಲ್ಲ. ಎರಡು ವರ್ಷ ದಿನಾ ಬೆಳಗ್ಗೆ ಎದ್ದು ತುಳಿದರು. ಹೊರಡುವ ದಿನ ಶಾಲೆಯ ಕಪ್ಪುಹಲಗೆಯ ಮೂಲೆಯಲ್ಲಿ ಆರುನೂರು ಎಂದು ಬರೆದು, ನಾನು ಬರುವ ತನಕ ಇದನ್ನು ಯಾರೂ ಅಳಿಸಬೇಡಿ ಎಂದು ಮಕ್ಕಳಿಗೆ ಹೇಳಿ ಬಂದಿದ್ದರು.

ಮೂರನೆಯ ದಿನ ಹತ್ತು ಗಂಟೆಯ ಸುಮಾರಿಗೆ ಟೀಚರ ಮುಂದಿನ ಗಾಲಿ ಗಾಳಿ ಕಳೆದುಕೊಂಡಿತು. ಎಲ್ಲರೂ ದಾರಿಬದಿಯ ಮರದ ಕೆಳಗೆ ನಿಂತರು. ಬೇಕರಿಯವರಿಗೆ ಒಂದು ಚಟವಿತ್ತು. ಮೇಸ್ತ್ರಿ ಟ್ಯೂಬು ಬದಲಿಸುವಾಗಲೆಲ್ಲ ಕೈಗಡಿಯಾರ ನೋಡಿ ಲೆಕ್ಕ ಹಾಕುವುದು. ಹಿಂದಿನ ದಿನ ನಾಲ್ಕು ನಿಮಿಷ ಹತ್ತು ಸೆಕೆಂಡ್ ಆಗಿತ್ತು.

“ಮೇಸ್ತ್ರಿ, ಇವತ್ತು ನಾಲ್ಕರ ಒಳಗೆ ಬರ್ಬೇಕು. ಇಲ್ಲಾಂದ್ರೆ ವಯಸ್ಸಾಯ್ತು ಅಂತ ಬರ್ಕೋತೀನಿ.”

“ಬರ್ಕೊಳ್ಳಿ, ಮೊದ್ಲು ಪೆನ್ನು ಹುಡುಕಿ. ಅಷ್ಟ್ರಲ್ಲಿ ಮುಗ್ದಿರುತ್ತೆ,” ಅಂದ ಮೇಸ್ತ್ರಿ.

ಆ ಸೈಕಲ್ಲಿನ ಬ್ರೇಕು ಎರಡು ತೋಳಿನದು. ಗಾಲಿಯ ಅಂಚನ್ನು ಎರಡು ಕಡೆಯಿಂದ ತೋಳುಗಳು ಅಮುಕುತ್ತವೆ. ತಂತಿ ಒಂದು ಬಾಗಿದ ಪುಟ್ಟ ಪೈಪಿನೊಳಗೆ ಹಾದು ಬರುತ್ತದೆ, ಆ ಪೈಪಿನ ಮೂತಿ ಒಂದು ಕೊಕ್ಕೆಯಲ್ಲಿ ಕೂತಿರುತ್ತದೆ. ಗಾಲಿ ಹೊರತೆಗೆಯಬೇಕಾದರೆ ಪೈಪನ್ನು ಕೊಕ್ಕೆಯಿಂದ ಬಿಡಿಸಬೇಕು, ಆಗ ತೋಳುಗಳು ಅಗಲವಾಗಿ ತೆರೆದುಕೊಳ್ಳುತ್ತವೆ. ಗಾಲಿ ಕೂರಿಸಿದ ಮೇಲೆ ಪೈಪನ್ನು ಮತ್ತೆ ಕೊಕ್ಕೆಗೆ ಸಿಕ್ಕಿಸಬೇಕು. ಸಿಕ್ಕಿಸದಿದ್ದರೆ ಬ್ರೇಕು ಹಿಡಿದವರ ಕೈಗೆ ಬರುವುದು ಬರೀ ಗಾಳಿ.

ಅಂದು ಮೇಸ್ತ್ರಿಯ ಕೈ ಹಾಡಿದ ಹಾಗೆ ಓಡಿತು. ಹನ್ನೊಂದು ಜನ ಸುತ್ತ ನಿಂತು ನೋಡುತ್ತಿದ್ದರು. ಬೇಕರಿಯವರು ಜೋರಾಗಿ ಸೆಕೆಂಡು ಎಣಿಸುತ್ತಿದ್ದರು. ಪಂಪು ಒತ್ತಿ, ಗಾಲಿ ಕೂರಿಸಿ, ನಟ್ಟು ಬಿಗಿದು ಕೈ ಮೇಲೆತ್ತಿದಾಗ ಮೂರು ನಿಮಿಷ ನಲವತ್ತು. ಚಪ್ಪಾಳೆ ಬಿತ್ತು. ಹಲ್ಲಿನ ಡಾಕ್ಟರು ಶಿಳ್ಳೆ ಹಾಕಿದರು. ಮೇಸ್ತ್ರಿ ಹಣೆಯ ಬೆವರು ಒರೆಸಿಕೊಂಡು, ಇದೇನು ಮಹಾ, ನಮ್ಮಪ್ಪ ಆಗಿದ್ದರೆ ಮೂರರಲ್ಲಿ ಮುಗಿಸುತ್ತಿದ್ದ ಎನ್ನುತ್ತ ಸೈಕಲ್ಲನ್ನು ಟೀಚರ ಕೈಗೆ ಕೊಟ್ಟ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವ ಗಾದೆಯನ್ನು ಅವನು ಗಿರಾಕಿಗಳಿಗೆ ಸಾವಿರ ಸಲ ಹೇಳಿದ್ದ.

ಮುಂದೆ ಒಂದೂವರೆ ಕಿಲೋಮೀಟರ್ ಏರು. ಏರಿನಲ್ಲಿ ಬ್ರೇಕು ಯಾರಿಗೂ ಬೇಡ. ಆಮೇಲೆ ಇಳಿಜಾರು, ಇಳಿಜಾರಿನ ಕೊನೆಯಲ್ಲಿ ಜಲ್ಲಿ ಚೆಲ್ಲಿದ ತಿರುವು.

ವ್ಯಾನು ತಿರುವಿಗೆ ಬರುವಾಗ ಟೀಚರು ಆಗಲೇ ಬಿದ್ದಿದ್ದರು. ಹಿಂದಿನ ಗಾಲಿ ಜಾರಿ, ಎಡ ಹೆಗಲು ನೆಲಕ್ಕೆ ಬಡಿದಿತ್ತು. ಸೈಕಲ್ಲು ಹತ್ತು ಹೆಜ್ಜೆ ಆಚೆ ಚರಂಡಿಯ ಅಂಚಿನಲ್ಲಿ ಮಲಗಿತ್ತು. ಮುಂದೆ ಹೋಗಿದ್ದವರು ಸೈಕಲ್ಲು ಬಿಸಾಕಿ ಓಡಿಬರುತ್ತಿದ್ದರು, ಹಿಂದಿನವರು ಇಳಿಯುತ್ತಿದ್ದರು. ಮೇಸ್ತ್ರಿ ವ್ಯಾನು ನಿಲ್ಲುವ ಮೊದಲೇ ಬಾಗಿಲು ತೆರೆದು ಹಾರಿದ. ಅವನ ಕಣ್ಣಿಗೆ ದೂರದಿಂದಲೇ ಕಂಡಿತ್ತು. ಮುಂದಿನ ಬ್ರೇಕಿನ ತೋಳುಗಳು ಅಗಲವಾಗಿ ತೆರೆದುಕೊಂಡಿದ್ದವು, ಪೈಪಿನ ಮೂತಿ ಗಾಳಿಯಲ್ಲಿ ನೇತಾಡುತ್ತಿತ್ತು.

ಎಲ್ಲರೂ ಟೀಚರ ಕಡೆಗೆ ಬಗ್ಗಿದ್ದರು. ಮೇಸ್ತ್ರಿ ಸೈಕಲ್ಲಿನ ಕಡೆಗೆ ಬಗ್ಗಿದ. ಎರಡು ಬೆರಳಲ್ಲಿ ತೋಳುಗಳನ್ನು ಅಮುಕಿ, ಇನ್ನೊಂದು ಕೈಯಲ್ಲಿ ಪೈಪನ್ನು ಕೊಕ್ಕೆಗೆ ಸಿಕ್ಕಿಸಿದ. ಟಕ್ ಎಂದು ಸಣ್ಣ ಸದ್ದಾಯಿತು. ಒಂದು ಉಸಿರಿನಷ್ಟು ಹೊತ್ತು, ಅಷ್ಟೇ. ಅದನ್ನು ಮಾಡಬೇಕೆಂದು ಅವನು ಯೋಚಿಸಿರಲಿಲ್ಲ, ಐವತ್ತು ವರ್ಷ ದುಡಿದ ಕೈ ತಾನಾಗಿ ಹೋಯಿತು ಎಂದು ಆಮೇಲೆ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡ. ಆದರೆ ಸಿಕ್ಕಿಸಿದ ಮೇಲೆ ಅವನು ತಲೆಯೆತ್ತಿ ಸುತ್ತ ನೋಡಿದ್ದ. ಆ ನೋಟಕ್ಕೆ ಕೈಯನ್ನು ದೂರಿ ಪ್ರಯೋಜನವಿರಲಿಲ್ಲ.

ಹಲ್ಲಿನ ಡಾಕ್ಟರು ಟೀಚರ ಹೆಗಲು ಮುಟ್ಟಿ ನೋಡಿ ಶಾಲಿನಲ್ಲಿ ಕೈ ಕಟ್ಟಿದರು. ಟೀಚರ ತುಟಿ ಬೆಳ್ಳಗಾಗಿತ್ತು. “ಬ್ರೇಕ್ ಹಿಡಿದೆ,” ಅಂದರು. “ಬಲಗೈಲಿ ಪೂರ್ತಿ ಹಿಡಿದೆ. ಏನೂ ಸಿಗ್ಲಿಲ್ಲ.”

ಕ್ಯಾಪ್ಟನ್ ಹೋಗಿ ಸೈಕಲ್ಲನ್ನು ಎತ್ತಿ ನಿಲ್ಲಿಸಿದ. ಮುಂದಿನ ಗಾಲಿಯನ್ನು ನೆಲದಿಂದ ಎತ್ತಿ ತಿರುಗಿಸಿ, ಬಲಗಡೆಯ ಬ್ರೇಕು ಒತ್ತಿದ. ಗಾಲಿ ಗಕ್ಕನೆ ನಿಂತಿತು. ಇನ್ನೊಮ್ಮೆ ನೋಡಿದ. ಮತ್ತೆ ಗಕ್ಕನೆ ನಿಂತಿತು. ಬ್ರೇಕು ಕಲ್ಲಿನ ಹಾಗಿದೆಯಲ್ಲ ಮೇಡಂ ಎಂದ. ಬೇಕರಿಯವರು, ಗಾಬರಿಯಲ್ಲಿ ಹಾಗಾಗುತ್ತದೆ, ಹಿಡಿದೆ ಅಂದುಕೊಳ್ಳುತ್ತೇವೆ, ಕೈ ಹಿಡಿದಿರುವುದಿಲ್ಲ ಎಂದರು. ನನಗೂ ಒಮ್ಮೆ ಹಾಗೇ ಆಗಿತ್ತು ಎಂದು ಮತ್ತೊಬ್ಬರು ಸೇರಿಸಿದರು. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಟೀಚರು ತಮ್ಮ ಬಲಗೈಯನ್ನು ಮಗುಚಿ ನೋಡಿಕೊಂಡರು, ಅದು ಬೇರೆ ಯಾರದೋ ಕೈ ಎಂಬಂತೆ. ಮೇಸ್ತ್ರಿ ಸೊಟ್ಟಗಾಗಿದ್ದ ಹ್ಯಾಂಡಲನ್ನು ನೆಟ್ಟಗೆ ಮಾಡುವ ನೆಪದಲ್ಲಿ ತಲೆ ಬಗ್ಗಿಸಿಕೊಂಡೇ ಇದ್ದ.

ಮುಂದಿನ ಊರಿನ ಆಸ್ಪತ್ರೆಯಲ್ಲಿ ಹೆಗಲಿನ ಮುಂದಿನ ಮೂಳೆ ಬಿರುಕು ಬಿಟ್ಟಿದೆ, ಆರು ವಾರ ಕೈ ಅಲುಗಾಡಿಸಬಾರದು ಎಂದರು. ಮನೆಗೆ ಕಳಿಸೋಣವೇ ಎಂದು ಕ್ಯಾಪ್ಟನ್ ಕೇಳಿದ. ತುಳಿದು ಹೋಗಲಾಗದಿದ್ದರೆ ಕೂತಾದರೂ ದಡ ನೋಡುತ್ತೇನೆ ಎಂದರು ಟೀಚರು.

ಅಂದು ಸಂಜೆಯ ಸುತ್ತಿನಲ್ಲಿ ಅವರ ಸರದಿ ಬಂತು. ಕ್ಯಾಪ್ಟನ್ ಇವತ್ತು ನಿಮಗೆ ಬೇಡ ಎಂದ. ಅವರು ಒಪ್ಪದೆ ತಲೆಯಾಡಿಸಿದರು.

“ನನ್ನ ತಪ್ಪು, ಬ್ರೇಕ್ ಹಿಡಿದೆ ಅಂದ್ಕೊಂಡೆ, ಹಿಡಿದಿರ್ಲಿಲ್ಲ. ಆಮೇಲೆ ಬ್ರೇಕಿನ ಮೇಲೆ ಹಾಕಕ್ಕೆ ಹೋದೆ. ಅದು ಇನ್ನೊಂದು ತಪ್ಪು.” ಮೇಸ್ತ್ರಿಯ ಕಡೆ ತಿರುಗಿ, “ನಿಮ್ಮ ಕೆಲ್ಸದ ಮೇಲೆ ಮಾತು ಬಂತು ಮೇಸ್ತ್ರಿ. ಬೇಜಾರು ಮಾಡ್ಕೋಬೇಡಿ,” ಎಂದರು.

ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಮೇಸ್ತ್ರಿಗೆ ಆ ಮಾತಿನ ಅರ್ಥ ಆವತ್ತು ತಿಳಿಯಿತು. ಅವನು ಏನೋ ಗೊಣಗಿ, ವ್ಯಾನಿನ ಗಾಳಿ ನೋಡುತ್ತೇನೆಂದು ಹೊರಗೆ ಹೋದ. ಚಕ್ರದ ಪಕ್ಕ ಕೂತು ನಾಲ್ಕು ಸಲ ಅಳತೆ ನೋಡಿದ. ಗಾಳಿ ಸರಿಯಾಗಿಯೇ ಇತ್ತು.

ಮರುದಿನದಿಂದ ವ್ಯಾನಿನ ಮುಂದಿನ ಸೀಟಿನಲ್ಲಿ ಮೂವರು. ಭಾಮೈದ ಓಡಿಸುವ ಜಾಗದಲ್ಲಿ, ಟೀಚರು ಕಿಟಕಿಯ ಪಕ್ಕ, ಹೆಗಲ ಕೆಳಗೆ ದಿಂಬು ಇಟ್ಟುಕೊಂಡು. ನಡುವೆ ಮೇಸ್ತ್ರಿ, ಗೇರಿನ ಕಡ್ಡಿಗೆ ಮೊಣಕಾಲು ತಾಗಿಸಿಕೊಂಡು. ಅವರ ಸೈಕಲ್ಲು ವ್ಯಾನಿನ ಹಿಂಬದಿಯಲ್ಲಿ ಹಗ್ಗದಲ್ಲಿ ಕಟ್ಟಿಸಿಕೊಂಡು ಬರುತ್ತಿತ್ತು. ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ಟೀಚರು ಹಲ್ಲಿನ ಸಂದಿಯಲ್ಲಿ ಉಸಿರು ಎಳೆದುಕೊಳ್ಳುತ್ತಿದ್ದರು. ಕೂಗುವವರಾಗಿದ್ದರೆ ಮೇಸ್ತ್ರಿ ತಡೆದುಕೊಳ್ಳುತ್ತಿದ್ದನೋ ಏನೋ. ಆ ಸಣ್ಣ ಸದ್ದು ಅವನ ಕಿವಿಯ ಪಕ್ಕದಲ್ಲೇ, ಪ್ರತಿ ಗುಂಡಿಗೂ ಒಂದರಂತೆ. ರಸ್ತೆಯಲ್ಲಿ ಮುಂದೆ ಗುಂಡಿ ಕಂಡರೆ ಅವನು ಮೊದಲೇ ಬೆನ್ನು ಬಿಗಿಹಿಡಿದು ಕಾಯುತ್ತಿದ್ದ.

ಮಧ್ಯಾಹ್ನ ಅತ್ತೆಯ ಫೋನು ಬಂತು. ಟೀಚರು ಬಹಳ ಹೊತ್ತು ಕೇಳಿಸಿಕೊಂಡರು. ಕೊನೆಗೆ, ನೀವು ಹೇಳಿದ್ದೇ ಸರಿ ಅತ್ತೆ, ನನ್ನ ಕೈಲಿ ಆಗೋದಲ್ಲ ಇದು ಎಂದರು. ಫೋನು ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಹೊರಗೆ ನೋಡಿ, ಮೇಸ್ತ್ರಿಗೆ, ಊರಿಗೆ ಹೋದ ಮೇಲೆ ಈ ಸೈಕಲ್ಲನ್ನು ನಿಮ್ಮ ಅಂಗಡಿಯಲ್ಲೇ ಇಟ್ಟುಕೊಂಡು ಯಾರಿಗಾದರೂ ಕೊಟ್ಟುಬಿಡಿ ಎಂದರು. ಅವನು ತಲೆಯಾಡಿಸಿದ, ಯಾಕೆ ಎಂದು ಕೇಳಲಿಲ್ಲ. ಕೇಳುವ ಬಾಯಿ ಎಲ್ಲಿತ್ತು?

“ಸಣ್ಣ ವಯಸ್ಸಲ್ಲಿ ಕಲ್ತವರ ಕೈಗೆ ನೆನಪಿರುತ್ತೆ,” ಅಂದರು ಟೀಚರು ತಮಗೆ ತಾವೇ ಎಂಬಂತೆ. “ನನ್ನ ಕೈ ನಂಬೋ ಹಾಗಿಲ್ಲ.”

ಮೇಸ್ತ್ರಿಯ ಗಂಟಲಲ್ಲಿ ಬಿಸಿ ತುಪ್ಪ. ನುಂಗಲೂ ಆಗದು, ಉಗುಳಲೂ ಆಗದು. ಮೂಳೆ ಆರು ವಾರದಲ್ಲಿ ಕೂಡಿಕೊಳ್ಳುತ್ತದೆ, ಅದು ಅವನಿಗೆ ಗೊತ್ತಿತ್ತು. ಆದರೆ ಈ ಹೆಂಗಸಿನ ಕೈ ಅಂದು ಸರಿಯಾಗಿಯೇ ಕೆಲಸ ಮಾಡಿತ್ತು. ಹಿಡಿಯಬೇಕಾದ ಹೊತ್ತಿಗೆ ಹಿಡಿಯಬೇಕಾದಷ್ಟು ಹಿಡಿದಿತ್ತು. ಅದನ್ನು ಆ ಕೈಗೆ ಹೇಳುವವರು ಲೋಕದಲ್ಲಿ ಒಬ್ಬನೇ ಇದ್ದ, ಅವನು ಪಕ್ಕದಲ್ಲೇ ಕೂತಿದ್ದ.

ಅಂದು ಸಂಜೆ ಹೇಳಿಯೇ ಬಿಡಬೇಕೆಂದು ಅವನು ಗಟ್ಟಿ ಮಾಡಿಕೊಂಡ. ಸುತ್ತು ಮುಗಿಯುವ ಹೊತ್ತಿಗೆ ಬಾಗಿಲ ಬಳಿಯಿಂದ ಎದ್ದು, ನಾನೂ ಒಂದು ಹೇಳಬಹುದೇ ಎಂದ. ಎಲ್ಲರೂ ಸಂತೋಷದಿಂದ ತಿರುಗಿ ಕೂತರು. ವ್ಯಾನಿನವರು ಹೇಳಿದ ಉದಾಹರಣೆಯೇ ಇರಲಿಲ್ಲ. ಹನ್ನೊಂದು ಮುಖಗಳು. ಟೀಚರು ಬಿಸಿ ಹಾಲಿನ ಲೋಟ ಹಿಡಿದು ಅವನನ್ನೇ ನೋಡುತ್ತಿದ್ದರು.

“ಮಧ್ಯಾಹ್ನ ನಿಂತಿದ್ದ ಜಾಗದಲ್ಲಿ ಪಂಪು ಮರ್ತು ಬಂದೆ,” ಅಂದ. “ಮತ್ತೆ ವಾಪಸ್ ಹೋಗಿ ತರ್ಬೇಕಾಯ್ತು.”

ಅದು ನಿಜವೇ. ಪಂಪು ಮರೆತು ಬಂದದ್ದು ಹೌದು. ಎಲ್ಲರೂ ನಕ್ಕರು. ಬೇಕರಿಯವರು, ಮೇಸ್ತ್ರಿ ಮರೆತದ್ದು ಅಂತ ಒಂದು ಇದೆಯಲ್ಲ, ನಮಗೆಲ್ಲ ಸಮಾಧಾನ ಎಂದು ಕಟ್ಟಳೆ ಮುರಿದು ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ಟೀಚರು ಲೋಟ ಕೆಳಗಿಟ್ಟು, ಒಂದು ಕೈಯಲ್ಲಿ ತಟ್ಟಲಾಗದೆ ತೊಡೆಗೆ ಬಡಿದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಮೇಸ್ತ್ರಿಗೆ ಅಂದು ಹೋದ ಮಾನಕ್ಕೆ ಚಪ್ಪಾಳೆಯೂ ಸಿಕ್ಕಿತು. ಅವನಿಗೆ ಊಟ ಸೇರಲಿಲ್ಲ.

ಐದನೆಯ ದಿನ ಬೆಳಗ್ಗೆ ಸವಾರರು ಹೊರಟ ಮೇಲೆ ಭಾಮೈದ ವ್ಯಾನಿನ ಗಾಜು ಒರೆಸುತ್ತಿದ್ದ. ಟೀಚರು ಒಳಗೆ ಕೂದಲು ಬಾಚಿಸಿಕೊಳ್ಳಲು ತಂಗುದಾಣದ ಹೆಂಗಸಿನ ಹತ್ತಿರ ಕೂತಿದ್ದರು. ಭಾಮೈದ ಎರಡು ದಿನದಿಂದ ಅಷ್ಟಾಗಿ ಮಾತಾಡಿರಲಿಲ್ಲ. ಮೇಸ್ತ್ರಿ ಅದನ್ನು ಗಮನಿಸಿದ್ದ. ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನುವ ಮೊದಲೇ ಹೆಗಲು ಮುಟ್ಟಿಕೊಳ್ಳುವ ಸ್ಥಿತಿ ಅವನದು.

“ಭಾವ,” ಅಂದ ಭಾಮೈದ, ಗಾಜಿನಿಂದ ಕಣ್ಣು ತೆಗೆಯದೆ. “ಆವತ್ತು ಎಲ್ರೂ ಟೀಚರ್ ಹತ್ರ ಓಡಿದ್ರು. ನೀವು ಸೈಕಲ್ ಹತ್ರ ಓಡಿದ್ರಿ.”

ಮೇಸ್ತ್ರಿ ಬಗ್ಗಿ ವ್ಯಾನಿನ ಚಕ್ರ ಒತ್ತಿ ನೋಡಿದ.

“ನಾನೇನೂ ನೋಡಿಲ್ಲಪ್ಪ. ಹ್ಯಾಂಡ್‌ಬ್ರೇಕ್ ಎಳೀತಿದ್ದೆ. ಅಕ್ಕನಿಗೂ ಏನೂ ಹೇಳಲ್ಲ.” ಬಟ್ಟೆ ಹಿಂಡಿದ. “ಆದ್ರೆ ನನ್ನ ಮದ್ವೇಲಿ ನೀವು ಒಂದು ಮಾತು ಹೇಳಿದ್ರಿ. ಗಾಡಿ ಓಡಿಸೋನು, ಗಾಡಿ ರಿಪೇರಿ ಮಾಡೋನು, ಇಬ್ರೂ ಸುಳ್ಳು ಹೇಳ್ಬಾರ್ದು ಅಂತ. ಬೇರೆಯವರ ಜೀವ ಕೈಲಿರುತ್ತೆ ಅಂತ. ನಾನು ಅದನ್ನ ಇನ್ನೂ ಇಟ್ಕೊಂಡಿದೀನಿ. ನೀವು ಮರ್ತ್ರಾ?”

ಅದು ಭಾಮೈದ ಎಂದಿನಂತೆ ನಗಿಸಲು ಹೇಳಿದ ಮಾತಾಗಿರಲಿಲ್ಲ. ಮೇಸ್ತ್ರಿಗೆ ಇಪ್ಪತ್ತಾರು ವರ್ಷದ ಹಿಂದಿನ ಆ ಮದುವೆಯ ಮನೆ, ಹೊಸ ಅಂಗಿಯಲ್ಲಿ ಬೆವರುತ್ತಿದ್ದ ಈ ಮನುಷ್ಯ, ತಾನು ಹಿರಿಯನೆಂದು ದೊಡ್ಡ ದನಿಯಲ್ಲಿ ಹೇಳಿದ ಆ ಮಾತು ಎಲ್ಲ ಕಣ್ಣಿಗೆ ಬಂತು. ಕಿರಿಯವನ ಮುಂದೆ ತಲೆಯೆತ್ತಲಾಗಲಿಲ್ಲ.

ಆದರೂ ಆ ದಿನ ಹಾಗೇ ಹೋಯಿತು. ಮೂರು ಸಲ ಬಾಯಿ ತೆರೆದ. ಒಮ್ಮೆ ಟೀಚರು ತೂಕಡಿಸುತ್ತಿದ್ದರು. ಒಮ್ಮೆ ಎದುರಿಗೆ ಲಾರಿ ಬಂತು. ಒಮ್ಮೆ ಅವರೇ ಬಾಳೆಹಣ್ಣು ಸುಲಿದು ಕೊಡಿ ಎಂದು ಕೇಳಿದರು. ಅವನು ಸುಲಿದುಕೊಟ್ಟ. ಅವರು ತುಂಬಾ ಉಪಕಾರವಾಯಿತು ಎಂದರು.

ಆರನೆಯ ದಿನ ಹನ್ನೊಂದು ಗಂಟೆಗೆ ವ್ಯಾನು ಮುಂದೆ ಹೋಗಿ ಒಂದು ಹಳೆಯ ಗೋದಾಮಿನ ನೆರಳಿನಲ್ಲಿ ನಿಂತಿತು. ಸವಾರರು ಬರುವ ಹೊತ್ತಿಗೆ ನೀರು, ಹಣ್ಣು ತಯಾರಿರಬೇಕು. ಅವರು ಬರಲು ಇನ್ನೂ ಅರ್ಧ ಗಂಟೆ. ಭಾಮೈದ ಕ್ಯಾನುಗಳನ್ನು ಇಳಿಸಿ, ಒಮ್ಮೆ ಭಾವನ ಮುಖ ನೋಡಿ, ನಲ್ಲಿ ಎಲ್ಲಿದೆ ನೋಡಿಕೊಂಡು ಬರುತ್ತೇನೆ ಎಂದು ಹೋದ. ಕ್ಯಾನುಗಳೆಲ್ಲ ತುಂಬಿಯೇ ಇದ್ದವು.

ಮೇಸ್ತ್ರಿ ವ್ಯಾನಿನ ಹಿಂದೆ ಹೋಗಿ ಹಗ್ಗ ಬಿಚ್ಚಿ ಟೀಚರ ಸೈಕಲ್ಲನ್ನು ಇಳಿಸಿದ. ತಳ್ಳಿಕೊಂಡು ಬಂದು ಅವರು ಕೂತಿದ್ದ ಕಡೆ ನಿಲ್ಲಿಸಿದ. ಅವರು ಒಂದು ಖಾಲಿ ಪೆಟ್ಟಿಗೆಯ ಮೇಲೆ ಕೂತಿದ್ದರು. ಮಾತಿನಲ್ಲಿ ಶುರು ಮಾಡಿದರೆ ತನ್ನಿಂದಾಗದು ಎಂದು ಅವನಿಗೆ ತಿಳಿದುಹೋಗಿತ್ತು. ಬಗ್ಗಿ, ಮುಂದಿನ ಬ್ರೇಕಿನ ತೋಳುಗಳನ್ನು ಅಮುಕಿ, ಪೈಪನ್ನು ಕೊಕ್ಕೆಯಿಂದ ಬಿಡಿಸಿದ. ತೋಳುಗಳು ಅಗಲವಾದವು.

“ಬ್ರೇಕ್ ಹಿಡಿದು ನೋಡಿ ಟೀಚರ್.”

ಅವರು ಅರ್ಥವಾಗದೆ ಅವನನ್ನು ನೋಡಿದರು. ಆಮೇಲೆ ಬಲಗೈ ಚಾಚಿ ಹಿಡಿದರು. ಬ್ರೇಕಿನ ಹಿಡಿ ಯಾವ ತಡೆಯೂ ಇಲ್ಲದೆ ಹ್ಯಾಂಡಲಿನವರೆಗೆ ಬಂದು ತಾಗಿತು. ಬಿಟ್ಟರು. ಮತ್ತೆ ಹಿಡಿದರು. ಮೂರನೆಯ ಸಲ ಹಿಡಿದಾಗ ಕಣ್ಣು ಮುಚ್ಚಿಕೊಂಡಿದ್ದರು.

“ಇದೇ,” ಅಂದರು. “ಆವತ್ತು ಕೈಗೆ ಸಿಕ್ಕಿದ್ದು ಇದೇ.”

“ಹೌದು.”

“ಕ್ಯಾಪ್ಟನ್ ನೋಡ್ದಾಗ ಸರಿ ಇತ್ತು.”

“ಅಷ್ಟ್ರಲ್ಲಿ ನಾನು ಸಿಕ್ಕಿಸಿದ್ದೆ. ನೀವು ಕೆಳಗೆ ಬಿದ್ದಿದ್ರಿ. ನಾನು ಇದನ್ನ ಸಿಕ್ಕಿಸ್ತಾ ಇದ್ದೆ.” ದನಿ ಅವನದೆಂದು ಅವನಿಗೇ ಅನ್ನಿಸಲಿಲ್ಲ. “ಟ್ಯೂಬ್ ಹಾಕ್ದಾಗ ಮರ್ತಿದ್ದೆ. ಕೊನೇಲಿ ಹಿಡಿದು ನೋಡ್ಲಿಲ್ಲ. ಚಪ್ಪಾಳೆ ತಟ್ತಾ ಇದ್ರು.”

ಟೀಚರು ಬ್ರೇಕಿನ ಹಿಡಿಯನ್ನು ಇನ್ನೂ ಹಿಡಿದೇ ಇದ್ದರು. ಬಿಳಿಚಿದ ಬೆರಳ ಗಿಣ್ಣುಗಳನ್ನು ಮೇಸ್ತ್ರಿ ನೋಡಿದ. ಬೈಯಲಿ ಎಂದು ಕಾದ. ಬೈದರೆ ನಿಂತು ಕೇಳಲು ಸಿದ್ಧನಾಗಿದ್ದ. ಬೈಗುಳ ಬರಲಿಲ್ಲ.

“ಮೂರು ದಿನ,” ಅಂದರು ಕೊನೆಗೆ. “ನನ್ನ ಪಕ್ಕದಲ್ಲೇ ಕೂತಿದ್ರಿ.”

“ಹೌದು.”

“ಅತ್ತೆ ಹತ್ರ ಮಾತಾಡಿದ್ದು ಕೇಳಿಸ್ಕೊಂಡ್ರಿ. ಸೈಕಲ್ ಕೊಟ್ಬಿಡಿ ಅಂದೆ. ತಲೆ ಆಡ್ಸಿದ್ರಿ.”

ಮೇಸ್ತ್ರಿಯ ಕೈ ತಾನಾಗಿ ಮುಖ ಒರೆಸಿಕೊಂಡಿತು. ಕೈಯಲ್ಲಿದ್ದ ಎಣ್ಣೆಯ ಕಪ್ಪು ಕೆನ್ನೆಗೆ ಬಳಿಯಿತು. ಅವನಿಗೆ ಅದು ತಿಳಿಯಲಿಲ್ಲ.

“ಮರ್ತಿದ್ದಕ್ಕೆ ನಾನೇನೂ ಅನ್ನಲ್ಲ ಮೇಸ್ತ್ರಿ. ಲೆಕ್ಕದಲ್ಲಿ ನಾನೂ ಎಷ್ಟೋ ಸಲ ಕೈ ತಪ್ಪಿದೀನಿ, ಮಕ್ಕಳೇ ತಿದ್ದಿದಾರೆ. ಆದ್ರೆ ಉತ್ತರ ತಿದ್ದಿ ಇಟ್ಟು, ತಪ್ಪು ಪಕ್ಕದವರದ್ದು ಅಂತ ಬಿಟ್ರಲ್ಲ.” ಬ್ರೇಕನ್ನು ಬಿಟ್ಟರು. “ಅದಕ್ಕೆ ಏನನ್ಬೇಕೋ ನಂಗೆ ಗೊತ್ತಿಲ್ಲ.”

ದೂರದಲ್ಲಿ ಸವಾರರ ಬಣ್ಣದ ಅಂಗಿಗಳು ಕಾಣಿಸಿದವು. ಟೀಚರು ಪೈಪನ್ನು ಸಿಕ್ಕಿಸಿ ಎಂದರು. ಅವನು ಸಿಕ್ಕಿಸಿದ. ಅವರು ಹಿಡಿದು ನೋಡಿದರು, ನೂಕಿ ನೋಡಿದರು, ಆಮೇಲೆ ಎದ್ದು ಹೋದರು. ಸವಾರರು ನೀರು ಕುಡಿಯುವಾಗ ಯಾರಿಗೂ ಏನೂ ಹೇಳಲಿಲ್ಲ. ಹೇಳುವುದು ತನ್ನ ಪಾಲಿಗೆ ಬಿಟ್ಟದ್ದು ಎಂದು ಮೇಸ್ತ್ರಿಗೆ ಅರ್ಥವಾಯಿತು.

ಸಂಜೆಯ ಸುತ್ತಿನಲ್ಲಿ ಅವನು ಯಾರನ್ನೂ ಕೇಳದೆ ಎದ್ದು ನಿಂತ. ಈ ಸಲವೂ ಬೇಕರಿಯವರು ನಗುವುದಕ್ಕೆ ತಯಾರಾಗಿ ಬಾಯಿ ಅರ್ಧ ತೆರೆದಿದ್ದರು. ಮೇಸ್ತ್ರಿ ನಿಂತಲ್ಲಿ ನಿಂತು, ಬಿಡಿಸಿದ್ದು, ಮರೆತದ್ದು, ಓಡಿದ್ದು, ಸಿಕ್ಕಿಸಿದ್ದು, ತಲೆಯೆತ್ತಿ ಸುತ್ತ ನೋಡಿದ್ದು, ಪಂಪಿನ ಕಥೆ ಹೇಳಿ ಚಪ್ಪಾಳೆ ಗಿಟ್ಟಿಸಿದ್ದು, ಒಂದನ್ನೂ ಬಿಡದೆ ಹೇಳಿದ. ಬೇಕರಿಯವರ ಬಾಯಿ ಮೆಲ್ಲಗೆ ಮುಚ್ಚಿಕೊಂಡಿತು.

ಬುದ್ಧಿ ಹೇಳಕೂಡದು, ಸಮಾಧಾನ ಹೇಳಕೂಡದು. ಇಷ್ಟು ದಿನ ಆ ಕಟ್ಟಳೆಯನ್ನು ಮೇಸ್ತ್ರಿ ದೊಡ್ಡವರ ದೊಡ್ಡತನ ಎಂದುಕೊಂಡಿದ್ದ. ಹನ್ನೊಂದು ಜನ ಬಾಯಿ ಬಿಡದೆ ಕೂತಾಗ ಅದು ಎಷ್ಟು ಭಾರ ಎಂದು ಗೊತ್ತಾಯಿತು. ಒಬ್ಬರು ಥೂ ಎಂದಿದ್ದರೂ ಹಗುರಾಗುತ್ತಿತ್ತು. ಕ್ಯಾಪ್ಟನ್ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ, ಬ್ರೇಕು ಕಲ್ಲಿನ ಹಾಗಿದೆ ಎಂದು ಹೇಳಿದವನು ತಾನಲ್ಲವೇ. ಬಹಳ ಹೊತ್ತಾದ ಮೇಲೆ, ಮುಂದಿನವರು ಎಂದ.

ಮುಂದಿನವರು ಟೀಚರು. “ನನ್ನ ತಪ್ಪು,” ಅಂದರು, “ನನ್ನ ಕೈ ಹೇಳಿದ್ದನ್ನ ನಾನು ನಂಬ್ಲಿಲ್ಲ. ಎಲ್ರೂ ಹೇಳಿದ್ದನ್ನ ನಂಬ್ದೆ.” ಅಷ್ಟೇ ಹೇಳಿ ಕೂತರು.

ಕೊನೆಯ ದಿನ ಬೆಳಗ್ಗೆ ಮೇಸ್ತ್ರಿ ಎಂದಿನಂತೆ ಎಲ್ಲರಿಗಿಂತ ಮೊದಲು ಎದ್ದು, ಹತ್ತು ಸೈಕಲ್ಲುಗಳನ್ನೂ ಒರೆಸಿ, ಗಾಳಿ ನೋಡಿ, ಸಾಲಾಗಿ ನಿಲ್ಲಿಸಿದ್ದ. ಪ್ರತಿಯೊಂದರ ಬ್ರೇಕನ್ನೂ ಎರಡೆರಡು ಸಲ ಹಿಡಿದಿದ್ದ. ಸವಾರರು ಹೊರಗೆ ಬಂದರು. ನಮಸ್ಕಾರ ಮೇಸ್ತ್ರಿ ಎಂದರು, ಎಂದಿನಂತೆಯೇ. ಯಾರ ಮುಖದಲ್ಲೂ ಸಿಟ್ಟಿರಲಿಲ್ಲ. ಬೇಕರಿಯವರು ತಮ್ಮ ಸೈಕಲ್ಲಿನ ಬಳಿ ಹೋಗಿ, ಸ್ವಲ್ಪ ಹಿಂಜರಿದು, ಬಗ್ಗಿ ಮುಂದಿನ ಬ್ರೇಕಿನ ಪೈಪನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಹಿಡಿ ಒತ್ತಿದರು. ಹಲ್ಲಿನ ಡಾಕ್ಟರೂ ಒತ್ತಿದರು. ಆಮೇಲೆ ಸಾಲು ಸಾಲಾಗಿ ಎಲ್ಲರೂ. ಚಕ್, ಚಕ್, ಚಕ್ ಎಂದು ಅಂಗಳದ ಉದ್ದಕ್ಕೂ ಸದ್ದು ಹೋಯಿತು. ಎಲ್ಲ ಬ್ರೇಕೂ ಸರಿಯಾಗಿದ್ದವು. ಒಬ್ಬರೂ ಅವನ ಕಡೆ ನೋಡಲಿಲ್ಲ. ಅವನಿಗೆ ಅವಮಾನವಾಗದಿರಲಿ ಎಂದೇ ನೋಡಲಿಲ್ಲ, ಅದೂ ಅವನಿಗೆ ತಿಳಿಯಿತು. ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದ.

ಅವರು ಹೊರಟ ಮೇಲೆ ಮೇಸ್ತ್ರಿ ವ್ಯಾನಿನ ಹಿಂಬಾಗಿಲು ತೆರೆದು, ಚೀಲಗಳನ್ನು ಸರಿಸಿ ತನಗೆ ಕೂರಲು ಜಾಗ ಮಾಡಿಕೊಳ್ಳತೊಡಗಿದ. ಟೀಚರು ಕಿಟಕಿಯ ಪಕ್ಕ ಆಗಲೇ ಕೂತಿದ್ದರು.

“ಎಲ್ಲಿಗೆ ಹೊರಟ್ರಿ?”

“ಹಿಂದೆ ಕೂತ್ಕೋತೀನಿ ಟೀಚರ್. ನಿಮಗೂ ಸ್ವಲ್ಪ ಜಾಗ ಆಗುತ್ತೆ.”

“ನಂಗೆ ಜಾಗ ಸಾಕು. ಹಿಂದೆ ಕೂತ್ರೆ ನಿಮಗೆ ಹಗುರ ಆಗುತ್ತೆ. ಇಲ್ಲೇ ಬಂದು ಕೂತ್ಕೊಳ್ಳಿ.”

ಅವನು ಬಂದು ನಡುವೆ ಕೂತ. ಗೇರಿನ ಕಡ್ಡಿ ಮೊಣಕಾಲಿಗೆ ತಾಗಿತು. ಭಾಮೈದ ವ್ಯಾನು ಹೊರಡಿಸಿದ. ವ್ಯಾನು ಎರಡು ಸಲ ಕೆಮ್ಮಿ ರಸ್ತೆಗೆ ಬಂತು.

ಸ್ವಲ್ಪ ದೂರ ಹೋದ ಮೇಲೆ ಟೀಚರು ಫೋನು ತೆಗೆದು ಒಂದೇ ಕೈಯ ಹೆಬ್ಬೆರಳಿನಲ್ಲಿ ಒತ್ತಿ ಕಿವಿಗಿಟ್ಟುಕೊಂಡರು. ಅತ್ತೆಯ ಆರೋಗ್ಯ, ಮನೆಯ ಸುದ್ದಿ ಎಲ್ಲ ಕೇಳಿದರು. ಹೆಗಲ ನೋವು ಹೇಗಿದೆ ಎಂದು ಆ ಕಡೆಯಿಂದ ಕೇಳಿರಬೇಕು, ಇದೆ ಎಂದರು. ಆಮೇಲೆ ದನಿ ಎತ್ತರಿಸದೆ ಹೇಳಿದರು:

“ಅತ್ತೆ, ಮೊನ್ನೆ ಒಂದು ಮಾತು ತಪ್ಪು ಹೇಳ್ದೆ. ನಾನು ಬ್ರೇಕ್ ಹಿಡಿದಿದ್ದೆ. ಸರಿಯಾಗೇ ಹಿಡಿದಿದ್ದೆ. ಸೈಕಲ್ ಮನೇಗೇ ಬರುತ್ತೆ, ಅಂಗಡಿಗೆ ಕೊಡಲ್ಲ.”

ಹಾಗಾದರೆ ಏನಾಗಿತ್ತು ಎಂದು ಅತ್ತೆ ಕೇಳಿದ್ದು ಮೇಸ್ತ್ರಿಗೂ ಕೇಳಿಸಿತು. ಟೀಚರು ಫೋನನ್ನು ಕಿವಿಯಿಂದ ತೆಗೆದು ಮೇಸ್ತ್ರಿಯ ಮುಂದೆ ಹಿಡಿದರು.

ಅವನು ಅದನ್ನು ತೆಗೆದುಕೊಂಡ. ಮುಂದೆ ರಸ್ತೆಯಲ್ಲಿ ಒಂದು ಗುಂಡಿ ಕಾಣುತ್ತಿತ್ತು. ಭಾಮೈದ ವ್ಯಾನನ್ನು ನಿಧಾನ ಮಾಡಿದ.

“ಅಮ್ಮಾ,” ಅಂದ ಮೇಸ್ತ್ರಿ, “ನಾನು ಸೈಕಲ್ ಅಂಗಡಿಯವನು ಮಾತಾಡ್ತಿರೋದು.”